ಕನ್ನಡಕ ತೆಗೆದು ನೋಡುತ್ತಿದ್ದ ಖಲೀಲ್

ಖಲೀಲ್ ಏನನ್ನಾದರೂ ನಿಜಕ್ಕೂ ನೋಡಬೇಕೆಂದರೆ ಮೊದಲು ಕನ್ನಡಕ ತೆಗೆಯುತ್ತಿದ್ದ. ಪುಸ್ತಕ ಓದುವಾಗ, ಬಸ್ಸಿನ ನಂಬರು ಹುಡುಕುವಾಗ, ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ಆರಿಸಿ ಬದಿಗಿಡುವಾಗ ಅದು ಮೂಗಿನ ಮೇಲೆಯೇ ಇರುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ನೀಹಾರಿಕೆಯ ಚಿತ್ರ ಬಂತೋ, ಕನ್ನಡಕ ಅಂಗಿಯ ಜೇಬಿಗೆ ಇಳಿಯುತ್ತಿತ್ತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಕೋಣೆಯ ಆ ತುದಿಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಕೈಯಲ್ಲಿ ಸಾಮಾನ್ಯವಾಗಿ ಉಪ್ಪುಖಾರ ಹಚ್ಚಿದ ಸೀಬೆಹಣ್ಣು. ಅದನ್ನು ಕಚ್ಚುತ್ತ, ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡುತ್ತಿದ್ದ. ನಾವು ಉಳಿದವರು ಮೂಗು ಗಾಜಿಗೆ ತಗಲುವಷ್ಟು ಹತ್ತಿರ ಕೂತು ಒಂದೊಂದೇ ಚುಕ್ಕೆ ಪರೀಕ್ಷಿಸುತ್ತಿದ್ದೆವು. ನಮಗೆ ಕಾಣದ್ದು ಅವನಿಗೆ ಬಾಗಿಲಿನಿಂದ, ಮಸುಕು ಮಸುಕಾಗಿ, ಕಾಣುತ್ತಿತ್ತು.

ಇದರಲ್ಲಿ ಪವಾಡವೇನೂ ಇಲ್ಲ ಎಂದು ನಾನು ಆಗಲೇ ಎಲ್ಲರಿಗೂ ವಿವರಿಸುತ್ತಿದ್ದೆ, ಯಾರೂ ಕೇಳದಿದ್ದರೂ. ತೀರ ಮಂದವಾದ, ಹರಡಿಕೊಂಡ ಬೆಳಕು ಚಿತ್ರದ ಕಾಳುಕಾಳಿನ ನಡುವೆ ಕಳೆದುಹೋಗಿರುತ್ತದೆ. ಚಿತ್ರವನ್ನು ಸ್ವಲ್ಪ ಮಬ್ಬುಮಾಡಿದರೆ ಕಾಳುಗಳು ಒಂದಕ್ಕೊಂದು ಕೂಡಿಕೊಂಡು ಒಳಗಿನ ಆಕಾರ ಮೇಲೆ ಬರುತ್ತದೆ. ಕಂಪ್ಯೂಟರಿನಲ್ಲೂ ಅದಕ್ಕೆ ದಾರಿಗಳಿವೆ. ಖಲೀಲ್ ಅದನ್ನು ತನ್ನ ಕೆಟ್ಟ ಕಣ್ಣಿನಿಂದ ಪುಕ್ಕಟೆ ಮಾಡಿಕೊಳ್ಳುತ್ತಿದ್ದ, ಅಷ್ಟೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಬಾಗಿಲಿಗೆ ಒರಗಿ ಕಣ್ಣು ಕಿರಿದು ಮಾಡಿ ನೋಡಿದೆ. ನನಗೆ ಕನ್ನಡಕವಿಲ್ಲ. ಕಂಡದ್ದು ನನ್ನದೇ ರೆಪ್ಪೆಗೂದಲು. ನನ್ನ ಕಣ್ಣು ಚೆನ್ನಾಗಿದೆಯಲ್ಲ ಎಂದು ನಾನು ಬೇಸರಪಟ್ಟುಕೊಂಡದ್ದು ಆ ದಿನ.

ನಾನು ತಿಪಟೂರಿನವನು, ಅವನು ಬೀದರಿನ ಆಚೆ ಭಾಲ್ಕಿಯವನು. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ದಿಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ, ಒಬ್ಬರೇ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆಗೆ ಸೇರಿದೆವು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ವಿಜಯ ನಗರದ ಒಂದು ಗಲ್ಲಿಯಲ್ಲಿ ಮನೆಯೊಂದರ ತಾರಸಿಯ ಮೇಲಿನ ಒಂಟಿ ಕೋಣೆ, ದಿಲ್ಲಿಯವರು ಬರ್ಸಾತಿ ಎನ್ನುವುದು, ನಮ್ಮಿಬ್ಬರ ವಾಸ. ಬೇಸಿಗೆಯಲ್ಲಿ ಕೂಲರಿನ ಮುಂದಿನ ಮಂಚ ಯಾರಿಗೆ ಎಂಬ ಜಗಳ, ಚಳಿಗಾಲದಲ್ಲಿ ಸ್ನಾನಕ್ಕೆ ಮೊದಲು ಯಾರು ಎಂಬ ಜಗಳ. ಅವೆರಡರಲ್ಲೂ ನಾನೇ ಗೆಲ್ಲುತ್ತಿದ್ದೆ, ಏಕೆಂದರೆ ಖಲೀಲ್ ಜಗಳವನ್ನು ಮಧ್ಯದಲ್ಲಿ ಮರೆತು ಬೇರೆ ಮಾತಿಗೆ ಹೋಗಿಬಿಡುತ್ತಿದ್ದ.

ದಿಲ್ಲಿ ಅವನಿಗೆ ಮೊದಲ ದಿನದಿಂದಲೇ ಒಲಿಯಿತು. ಅವನ ದಖನಿ ಉರ್ದು ಕೇಳಿ ಚಹಾದಂಗಡಿಯವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. 'ಔರ್ ಬೋಲೋ, ಔರ್ ಬೋಲೋ' ಎಂದು ಮತ್ತೆ ಮತ್ತೆ ಮಾತಾಡಿಸಿ ಇನ್ನರ್ಧ ಲೋಟ ಚಹಾ ಸುರಿಯುತ್ತಿದ್ದ. ನಾನು ಎರಡು ವರ್ಷ ಕಷ್ಟಪಟ್ಟು ಕಲಿತ ಶುದ್ಧ ಹಿಂದಿಗೆ ಅದೇ ಅಂಗಡಿಯವನು ಅಳತೆ ಮೀರದ ಚಹಾ ಕೊಟ್ಟು ಚಿಲ್ಲರೆ ಕೇಳುತ್ತಿದ್ದ. ಇಂಥ ಸಣ್ಣ ಸಣ್ಣ ವಿಷಯಕ್ಕೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೇಡಂ ಅಂತೂ ಹೊರಗಿನಿಂದ ಯಾವ ಅತಿಥಿ ಬಂದರೂ ಖಲೀಲನನ್ನು ಕರೆದು ನಿಲ್ಲಿಸಿ, ಇವನು ಬೀದರಿನವನು, ಇವನ ಮನೆತನದವರು ತಲೆಮಾರುಗಳಿಂದ ಬಿದ್ರಿ ಕೆಲಸ ಮಾಡಿದವರು, ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆ ನೋಡಿ ನೋಡಿ ಈ ಕಣ್ಣು ಬಂದಿದೆ ಎಂದು ಹೇಳುತ್ತಿದ್ದರು. ಅವನ ತಂದೆ ವಿದ್ಯುತ್ ಮಂಡಳಿಯಲ್ಲಿ ಗುಮಾಸ್ತರು. ಮನೆಯಲ್ಲಿ ಒಂದು ಬಿದ್ರಿ ಹೂದಾನಿ ಕೂಡ ಇರಲಿಲ್ಲ.

"ಸುಳ್ಳು ಅಂತ ಯಾಕೆ ಹೇಳಲ್ಲ ನೀನು?" ಎಂದು ಒಮ್ಮೆ ರೇಗಿ ಕೇಳಿದೆ.

"ಬಿಡೋ. ಅವರಿಗಿ ಅದು ಹೇಳೋದ್ರಾಗ ಎಷ್ಟು ಖುಷಿ ಆಗ್ತದ ನೋಡಿಲ್ಲೇನು?" ಎಂದ.

ನಮ್ಮ ವಿಷಯ ಗ್ರಹೀಯ ನೀಹಾರಿಕೆ. ಹೆಸರಿನಲ್ಲಿ ಗ್ರಹ ಇದ್ದರೂ ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ; ಹಿಂದಿನ ಕಾಲದವರ ದುರ್ಬೀನಿನಲ್ಲಿ ಗ್ರಹದಂತೆ ದುಂಡಗೆ ಕಂಡಿತೆಂದು ಆ ಹೆಸರು ಅಂಟಿಕೊಂಡಿದೆ. ನಮ್ಮ ಸೂರ್ಯನಂಥ ನಕ್ಷತ್ರ ಮುದಿಯಾಗಿ, ಉಬ್ಬಿ ಕೆಂಪಾಗಿ, ಕೊನೆಗೆ ತನ್ನ ಹೊರಮೈಯನ್ನು ಅನಿಲವಾಗಿ ಬಿಟ್ಟುಕೊಡುತ್ತದೆ. ಆ ಅನಿಲದ ಚಿಪ್ಪು ಒಳಗಿನ ಬಿಸಿ ನಕ್ಷತ್ರದ ಬೆಳಕಿಗೆ ಹೊಳೆಯುತ್ತದೆ. ಅದೇ ನೀಹಾರಿಕೆ. ಆದರೆ ನಕ್ಷತ್ರ ಒಂದೆಡೆ ನಿಂತಿರುವುದಿಲ್ಲ, ಓಡುತ್ತಿರುತ್ತದೆ. ಓಡುವ ದಾರಿ ಖಾಲಿಯೂ ಅಲ್ಲ. ನಕ್ಷತ್ರಗಳ ನಡುವೆ ಎಲ್ಲೆಲ್ಲೂ ತೆಳ್ಳಗಿನ ಅನಿಲ ಹಬ್ಬಿದೆ, ಅಂತರತಾರಾ ಮಾಧ್ಯಮ ಎನ್ನುತ್ತಾರೆ. ಚಿಪ್ಪು ಅದಕ್ಕೆ ಡಿಕ್ಕಿ ಹೊಡೆದಾಗ ಮುಂದಿನ ಅಂಚು ಒತ್ತಿಕೊಂಡು ಪ್ರಕಾಶಮಾನವಾಗುತ್ತದೆ, ಹಿಂದೆ ಅನಿಲ ಕಿತ್ತುಹೋಗಿ ಬಾಲವಾಗಿ ಉಳಿಯುತ್ತದೆ. ಚಳಿಗಾಲದಲ್ಲಿ ಸ್ಕೂಟರ್ ಮೇಲೆ ಹೋಗುವವನ ಶಾಲು ಎದೆಗೆ ಅಂಟಿ ಬೆನ್ನ ಹಿಂದೆ ಹಾರುವ ಹಾಗೆ ಎಂದು ನಾನು ಊರಿನವರಿಗೆ ಹೇಳುತ್ತಿದ್ದೆ. ಈ ಡಿಕ್ಕಿಯ ಕುರುಹು ಹುಡುಕುವುದು ನಮ್ಮ ಕೆಲಸ. ನನಗೆ ಅದರಲ್ಲಿ ಒಂದೇ ಒಂದು ಆಸೆಯಿತ್ತು: ಖಲೀಲನಿಗಿಂತ ಮೊದಲು ಏನಾದರೊಂದು ನನಗೆ ಕಾಣಬೇಕು. ಪದವಿ, ಕೆಲಸ, ಹೆಸರು ಎಲ್ಲ ಆಮೇಲೆ.

ಭಾನುವಾರಗಳಲ್ಲೂ ಈ ಸಂಕಟದಿಂದ ನನಗೆ ಬಿಡುವಿರಲಿಲ್ಲ. ನನ್ನ ಚಿಕ್ಕಮ್ಮನ ಕಡೆಯ ನೆಂಟರೊಬ್ಬರು, ಸರೋಜಕ್ಕ ಅಂತ, ದಿಲ್ಲಿಯ ಗಡಿಯಾಚೆಯ ಇಂದಿರಾಪುರಂನಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದರು. ಅವರ ಯಜಮಾನರು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಸುತ್ತ ಅರ್ಧ ಕಟ್ಟಿದ ಗೋಪುರಗಳು, ಧೂಳು, ಜನರೇಟರಿನ ಸದ್ದು. ಅಷ್ಟು ದೂರ ಬಸ್ಸು, ಶೇರ್ ಆಟೋ ಹಿಡಿದು ನಾವು ಹೋಗುತ್ತಿದ್ದುದು ಹುಳಿ, ಕೋಸಂಬರಿಗಾಗಿ. ನೆಂಟರು ನನ್ನವರು, ಆದರೆ ಬಾಗಿಲು ತೆರೆದ ಕೂಡಲೇ ಸರೋಜಕ್ಕ ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು, ಖಲೀಲ್ ಬಂದಿದ್ದಾನೋ ಇಲ್ಲವೋ ಎಂದು.

"ನೋಡು, ಖಲೀಲ್ ಹೇಗೆ ಬಡಿಸಿದ್ದೆಲ್ಲ ತಿಂತಾನೆ. ನೀನು ಕೆದಕ್ತಾ ಕೂತ್ಕೋತೀಯ," ಎನ್ನುತ್ತಿದ್ದರು.

"ಅಕ್ಕಾ, ಅವನು ಸೈಂಟಿಸ್ಟ್ ಅಲ್ರಿ, ಎಲ್ಲಾ ಪರೀಕ್ಷಾ ಮಾಡಿ ತಿಂತಾನ," ಎಂದು ಖಲೀಲ್ ಇನ್ನೊಂದು ಸೌಟಿಗೆ ತಟ್ಟೆ ಒಡ್ಡುತ್ತಿದ್ದ.

ಅಂಥ ಒಂದು ಭಾನುವಾರ ಊಟವಾದ ಮೇಲೆ ಅವನು ಬಾಲ್ಕನಿಯ ಬಾಗಿಲಲ್ಲಿ ನಿಂತು ಹಾಲಿನ ಗೋಡೆ ನೋಡುತ್ತಿದ್ದ. ಬಣ್ಣ ಹೊಡೆದು ತಿಂಗಳೂ ಆಗಿರದ ಕೆನೆಬಣ್ಣದ ಗೋಡೆ. ನೋಡುತ್ತ ನೋಡುತ್ತ ಕನ್ನಡಕ ತೆಗೆದ. ನಾನೂ ಎದ್ದು ಅದೇ ಗೋಡೆಯನ್ನು ನೋಡತೊಡಗಿದೆ.

"ಅಕ್ಕಾ, ಈ ಗ್ವಾಡಿ ಒಳಗ ನೀರು ಬರ್ಲತ್ತದ," ಎಂದ.

ಸರೋಜಕ್ಕ, ಯಜಮಾನರು, ಕಾಲೇಜಿಗೆ ಹೋಗುವ ಮಗಳು, ನಾನು, ಎಲ್ಲರೂ ಗೋಡೆ ಮುಟ್ಟಿ ನೋಡಿದೆವು. ಒಣಗಿತ್ತು. "ಕುಛ್ ನಹೀ ಹೈ ಪಪ್ಪಾ, ಅವರು ಸುಮ್ನೆ ಹೇಳ್ತಿದಾರೆ," ಎಂದು ಮಗಳು ನಕ್ಕಳು. ನಾನೂ ನಕ್ಕೆ, ಅವಳಿಗಿಂತ ಜೋರಾಗಿ. ಮುಂದಿನ ತಿಂಗಳು ಹೋದಾಗ ಗೋಡೆಯನ್ನು ಒಡೆದು ಹಾಕಿದ್ದರು, ಒಳಗಿನ ಪೈಪು ಸೋರಿ ಬಣ್ಣವೆಲ್ಲ ಉಬ್ಬಿ ಬಂದಿತ್ತು. ಯಜಮಾನರು ಪ್ಲಂಬರಿಗೆ ಖಲೀಲನನ್ನು ತೋರಿಸಿ, "ಇನ್ಹೋಂನೇ ಪಹಲೇ ಬತಾಯಾ ಥಾ," ಮೊದಲೇ ಹೇಳಿದ್ದು ಇವರೇ ಎಂದು ಅಭಿಮಾನದಿಂದ ಹೇಳುತ್ತಿದ್ದರು. ಆ ದಿನ ಹೋಳಿಗೆ ಮಾಡಿದ್ದರು. ನನಗೆ ಸೇರಲಿಲ್ಲ.

ಇನ್ನು ನನ್ನ ನೀಹಾರಿಕೆಯ ಕಥೆ. ಮೇಡಂ ನನಗೊಂದು ನೀಹಾರಿಕೆ ಕೊಟ್ಟಿದ್ದರು, ನನ್ನ ಪ್ರಬಂಧವೆಲ್ಲ ಅದರ ಮೇಲೆಯೇ. ಅದರ ಒಂದು ಅಂಚು ಎದ್ದು ಕಾಣುವಷ್ಟು ಪ್ರಕಾಶಮಾನವಾಗಿತ್ತು. ಅಂದರೆ ಆ ಕಡೆಗೆ ಓಡುತ್ತಿದೆ, ಅಲ್ಲಿ ಡಿಕ್ಕಿಯಾಗುತ್ತಿದೆ. ಹಾಗಾದರೆ ಎದುರು ದಿಕ್ಕಿನಲ್ಲಿ ಬಾಲ ಇರಬೇಕು. ಬಾಲ ಸಿಕ್ಕರೆ ವಾದ ಗಟ್ಟಿ, ಸಿಗದಿದ್ದರೆ ಪ್ರಬಂಧ ಕುಂಟು. ನಾನು ಉತ್ತರದ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಹೋಗಿ ಚಳಿಯಲ್ಲಿ ನಡುಗಿ ಚಿತ್ರಗಳನ್ನು ತೆಗೆದು ತಂದೆ. ತಿಂಗಳುಗಟ್ಟಲೆ ಹುಡುಕಿದೆ. ಬಾಲ ಇರಲಿಲ್ಲ.

ಚಿತ್ರಗಳನ್ನು ತಂದ ಮೇಲೆ ತೊಳೆಯುವ ಕೆಲಸವೊಂದಿದೆ. ಆಕಾಶಕ್ಕೂ ತನ್ನದೇ ಒಂದು ಮಂದ ಬೆಳಕಿರುತ್ತದೆ, ಅದು ಚಿತ್ರದುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಏನೂ ಇಲ್ಲವೆಂದು ತೋರುವ ಹತ್ತಾರು ಜಾಗಗಳಲ್ಲಿ ಆ ಬೆಳಕನ್ನು ಅಳೆದು, ಅವುಗಳನ್ನು ಕೂಡಿಸಿ ಒಂದು ತೆಳು ಹಾಸು ಮಾಡಿ, ಇಡೀ ಚಿತ್ರದಿಂದ ಕಳೆಯಬೇಕು. ಇದರಲ್ಲಿ ನನ್ನಷ್ಟು ಶ್ರದ್ಧೆ ವಿಭಾಗದಲ್ಲಿ ಯಾರಿಗೂ ಇರಲಿಲ್ಲ. ನನ್ನ ಚಿತ್ರಗಳು ಕನ್ನಡಿಯ ಹಾಗಿರುತ್ತಿದ್ದವು. ಹೊಸದಾಗಿ ಸೇರಿದವರಿಗೆ ಮೇಡಂ ಅವನ್ನೇ ಮಾದರಿಯಾಗಿ ತೋರಿಸುತ್ತಿದ್ದರು, ನನ್ನ ಪಾಲಿಗೆ ಇದ್ದ ಹೆಮ್ಮೆ ಅದೊಂದೇ.

ಜೂನಿನ ಒಂದು ಮಧ್ಯಾಹ್ನ ವಿಭಾಗದಲ್ಲಿ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಮತ್ತೆ ಎದ್ದಾಗ ನಾನು ಅವಸರದಲ್ಲಿ ತೊಳೆದ ಚಿತ್ರದ ಬದಲು ಮೂಲ ಚಿತ್ರವನ್ನೇ ತೆರೆದೆ. ಕಲೆಕಲೆಯಾಗಿ, ಕೊಳಕಾಗಿತ್ತು. ಮುಚ್ಚಬೇಕೆಂದು ಕೈ ಎತ್ತುವಾಗ ಖಲೀಲ್ ಹಣ್ಣು ಕೊಂಡು ಒಳಗೆ ಬರುತ್ತಿದ್ದವನು ಬಾಗಿಲಲ್ಲೇ ನಿಂತ.

"ಏ ತಡಿ, ತಡಿ. ಮುಚ್ಚಬ್ಯಾಡ." ಕನ್ನಡಕ ಜೇಬಿಗಿಳಿಯಿತು. "ಅಲ್ಲೋ, ಬಾಲ ಇಲ್ಲೇ ಅದಲ್ಲ."

"ಎಲ್ಲಿ?"

"ಕೆಳಗ, ಎಡಕ್ಕ. ಅಗಲ ಅದ. ಚಿತ್ರದ ಅಂಚಿನ ತನಕ ಹೋಗ್ಯಾದ ನೋಡು."

"ಅದು ಆಕಾಶ ಕಣೋ. ಕಳೆಯೋಕೆ ಮುಂಚೆ ಹಾಗೇ ಕಾಣುತ್ತೆ."

"ಆಕಾಶ ಅಲ್ಲಪಾ. ನೀ ಅದನ್ನ ಆಕಾಶ ಅಂತ ತಿಳ್ಕೊಂಡು ದಿನಾ ತೊಳದು ಚೆಲ್ಲಲತ್ತಿ."

ನಾನು ನಂಬಲಿಲ್ಲ. ನಂಬಬಾರದೆಂದು ಸಂಜೆಯವರೆಗೆ ಹೋರಾಡಿದೆ. ದುರ್ಬೀನನ್ನು ಸ್ವಲ್ಪ ಬೇರೆ ಕಡೆಗೆ ತಿರುಗಿಸಿ ತೆಗೆದ ಚಿತ್ರಗಳೂ ನನ್ನಲ್ಲಿದ್ದವು. ಅದು ಉಪಕರಣದ ಕಲೆಯಾಗಿದ್ದರೆ ಚಿತ್ರದ ಅದೇ ಮೂಲೆಯಲ್ಲಿ ಕೂತಿರಬೇಕು. ಕೂತಿರಲಿಲ್ಲ, ನಕ್ಷತ್ರಗಳ ಜೊತೆಗೆ ತಾನೂ ಸರಿದಿತ್ತು. ಬಾಲವೇ ಅದು. ಏನೂ ಇಲ್ಲವೆಂದು ನಾನು ಆರಿಸಿ ಅಳೆದ ಜಾಗಗಳಲ್ಲಿ ಅರ್ಧಕ್ಕರ್ಧ ಆ ಬಾಲದ ಮೇಲೆಯೇ ಇದ್ದವು. ಹುಡುಕುತ್ತಿದ್ದುದನ್ನೇ ಆಕಾಶವೆಂದು ಅಳೆದು, ಹಾಸು ಮಾಡಿ, ನೀಟಾಗಿ ಕಳೆದಿದ್ದೆ. ಕೊಳಕಾಗಿ ಕೆಲಸ ಮಾಡುವ ಯಾವನಿಗೂ ಈ ತಪ್ಪು ಸಾಧ್ಯವಿರಲಿಲ್ಲ.

ಮೇಡಂ ಓಡಿ ಬಂದರು, ಸಮೋಸ ತರಿಸಿದರು, ಖಲೀಲನ ಬೆನ್ನು ತಟ್ಟಿ 'ಶಾಬಾಶ್ ಬೇಟಾ' ಎಂದರು. ಆಮೇಲೆ ನನ್ನ ಮುಖ ನೋಡಿ, "ತುಮ್ ನೇ ಭೀ ಅಚ್ಛಾ ಕಾಮ್ ಕಿಯಾ," ಎಂದರು. ನೀನೂ ಚೆನ್ನಾಗಿ ಮಾಡಿದೆ. ಆ 'ಭೀ' ಇವತ್ತಿಗೂ ನನಗೆ ಚುಚ್ಚುತ್ತದೆ.

ಬಾಲ ಸಿಕ್ಕಿದ್ದರ ಬಗ್ಗೆ ಬರೆಯುವ ಸಂಶೋಧನಾ ಲೇಖನಕ್ಕೆ ಯಾರ ಹೆಸರು ಮೊದಲು ಎಂಬ ಮಾತು ಬಂದಾಗ ಖಲೀಲ್ ಕೈ ಅಡ್ಡ ಹಿಡಿದ. "ನನಗ್ಯಾಕ? ಗುಡ್ಡ ಹತ್ತಿ ಚಳ್ಯಾಗ ನಡುಗಿ ತಂದಾವ ನೀ. ನಾ ಪೇರಲಹಣ್ಣು ತಿನ್ಕೋತ ನೋಡೀನಿ, ಅಷ್ಟೇ. ನನ್ನ ಹೆಸರು ಕಡೀಕ ಎಲ್ಲ್ಯಾರ ಇಡ್ರಿ." ಅವನ ಮಾತಿನಲ್ಲಿ ತ್ಯಾಗದ ನಾಟಕ ಒಂದಿಷ್ಟೂ ಇರಲಿಲ್ಲ. ಅವನು ಅದನ್ನು ಕಿತ್ತುಕೊಂಡಿದ್ದರೆ ನಾನು ಅವನನ್ನು ದ್ವೇಷಿಸಿ ನೆಮ್ಮದಿಯಾಗಿ ಇರಬಹುದಿತ್ತು. ಕೊಟ್ಟುಬಿಟ್ಟ. ಕೊಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಪಟ್ಟವನಿಗೇ ಗೊತ್ತು. ಆದರೂ ಪಟ್ಟೆ. ಆ ರಾತ್ರಿ ಕೂಲರಿನ ಮುಂದಿನ ಮಂಚವನ್ನು ಅವನಿಗೆ ಬಿಟ್ಟುಕೊಟ್ಟೆ, ಅದಕ್ಕೂ ಅವನು ಬೇಡವೆಂದ.

ಇಷ್ಟೆಲ್ಲ ಕಂಡವನು ಬರೆಯಲಾರ. ಅದು ಅವನ ರೋಗ. ತನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ವರ್ಷಗಟ್ಟಲೆ ಶುರು ಮಾಡುತ್ತಲೇ ಇದ್ದ. ಒಂದು ಪುಟ ಬರೆದು, ಕಿಟಕಿ ನೋಡಿ, ಎದ್ದು ಬೇರೆ ಯಾರದೋ ಚಿತ್ರ ನೋಡಲು ಹೋಗುತ್ತಿದ್ದ. ಅವರಿವರ ಚಿತ್ರದಲ್ಲಿ ಏನೇನೋ ತೋರಿಸಿಕೊಟ್ಟು ಬರುತ್ತಿದ್ದ. ಮೇಡಂ ಬೈದರು, ಬೇಡಿಕೊಂಡರು, ಒಮ್ಮೆ ಕೋಣೆಯೊಳಗೆ ಕೂಡಿಹಾಕಿ ಹೊರಗಿನಿಂದ ಚಿಲಕ ಕೂಡ ಹಾಕಿದರು. ತೆರೆದಾಗ ನಿದ್ದೆ ಮಾಡುತ್ತಿದ್ದ.

"ಬರೆಯೋಕೆ ಏನು ಕಷ್ಟ ನಿಂಗೆ?" ಎಂದು ನಾನು ಕೇಳಿದರೆ, "ಕಂಡ ಮ್ಯಾಲ ಮುಗೀತಲ್ಲೋ. ಮತ್ತ ಅದನ್ನೇ ಯಾಕ ಹಿಂಜಬೇಕು?" ಎನ್ನುತ್ತಿದ್ದ. ನಿಜಕ್ಕೂ ಅವನಿಗೆ ಅಲ್ಲಿಗೆ ಮುಗಿಯುತ್ತಿತ್ತು. ಯಾಕೆ, ಹೇಗೆ, ಮುಂದೇನು ಎಂಬುದು ನಮ್ಮಂಥ ಕಾಣದವರ ಪಾಡು.

ಶಿಷ್ಯವೇತನದ ಅವಧಿ ತೀರಿತು. ಅಧ್ಯಾಯಗಳಿಲ್ಲದವನಿಗೆ ಅದನ್ನು ಮುಂದುವರಿಸಲು ಮೇಡಂ ಕೈಯಲ್ಲೂ ಆಗಲಿಲ್ಲ. ಅದೇ ಹೊತ್ತಿಗೆ ಅವನ ಊರಿನ ಕಡೆ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಖಲೀಲ್ ಹೊರಟ. ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು. ಅವನ ಪುಸ್ತಕಗಳನ್ನು ನಾನೇ ಡಬ್ಬಗಳಿಗೆ ತುಂಬಿ ಹುರಿ ಕಟ್ಟಿದೆ. ಸರೋಜಕ್ಕ ಕಣ್ಣು ಒರೆಸಿಕೊಳ್ಳುತ್ತ ಅವನಿಗೆ ಚಟ್ನಿಪುಡಿ, ಕೋಡುಬಳೆ ಕಟ್ಟಿ ಕೊಟ್ಟರು. ನಾನು ಊರಿಗೆ ಹೋಗುವಾಗ ಅವರು ಕಟ್ಟಿಕೊಡುತ್ತಿದ್ದುದು ಬರೀ ಕೋಡುಬಳೆ.

ಆ ವಾರವೇ ನನಗೊಂದು ವಿಷಯ ಹೊಳೆದಿತ್ತು. ಬಾಲದ ಅಧ್ಯಾಯ ಬರೆಯುತ್ತ ಕೂತಿದ್ದೆ. ಚಿಪ್ಪು ಹಿಗ್ಗುವ ವೇಗ ಗೊತ್ತು, ಅದರ ಗಾತ್ರ ಗೊತ್ತು. ಭಾಗಿಸಿದರೆ ನೀಹಾರಿಕೆಯ ವಯಸ್ಸು ಬರುತ್ತದೆ. ನಕ್ಷತ್ರ ಓಡುವ ವೇಗ ಗೊತ್ತು, ಬಾಲದ ಉದ್ದ ಗೊತ್ತು. ಭಾಗಿಸಿದರೆ ಬಾಲದ ವಯಸ್ಸು. ಎರಡೂ ಹೆಚ್ಚು ಕಡಿಮೆ ಒಂದೇ ಬರಬೇಕು. ಬರಲಿಲ್ಲ. ಬಾಲ ನೀಹಾರಿಕೆಗಿಂತ ಎಷ್ಟೋ ಪಟ್ಟು ಹಳೆಯದು. ಲೆಕ್ಕ ತಪ್ಪಿದೆಯೆಂದು ಮತ್ತೆ ಮತ್ತೆ ಮಾಡಿದೆ, ತಪ್ಪಿರಲಿಲ್ಲ. ಬೇರೆ ದೇಶಗಳಲ್ಲಿ ಬೇರೆಯವರೂ ಸುಮಾರು ಅದೇ ಹೊತ್ತಿಗೆ ಅದೇ ದಾರಿಯಲ್ಲಿದ್ದರೆಂದು ಆಮೇಲೆ ತಿಳಿಯಿತು. ಆಗ ನನಗೆ ಜಗತ್ತಿನಲ್ಲಿ ಅದು ಗೊತ್ತಿರುವವನು ನಾನೊಬ್ಬನೇ ಅನ್ನಿಸಿತ್ತು. ಮೇಡಂಗೂ ಹೇಳಲಿಲ್ಲ. ನಾನು ಹೇಳಬೇಕಾಗಿದ್ದುದು ಅವರಿಗಲ್ಲ.

ಖಲೀಲನನ್ನು ಕಳಿಸಲು ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆ. ಡಬ್ಬಗಳನ್ನು ಸೀಟಿನ ಕೆಳಗೆ ತಳ್ಳಿ ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ರೈಲು ಬಿಡಲು ಇನ್ನೂ ಸಮಯವಿತ್ತು. ಅವನು ಯಾವುದೋ ಕೂಲಿಯ ಜೊತೆ ದಖನಿಯಲ್ಲಿ ಹರಟುತ್ತಿದ್ದ.

"ಖಲೀಲ್, ಆ ಬಾಲ ಇದೆಯಲ್ಲ, ಅದು ನೀಹಾರಿಕೆಗಿಂತ ಹಳೇದು ಕಣೋ," ಎಂದೆ.

"ತಾಯಿಕಿಂತ ಮಗಳು ದೊಡ್ಡಾಕಿ ಏನು?" ಎಂದು ನಕ್ಕ.

ಎರಡೂ ವಯಸ್ಸುಗಳನ್ನು ಹೇಳಿದೆ. ಅವನು ನಗು ನಿಲ್ಲಿಸಿದ. ಬೆರಳು ಮಡಿಚುತ್ತ ತಾನೇ ಲೆಕ್ಕ ಹಾಕಿದ, ಮತ್ತೊಮ್ಮೆ ಹಾಕಿದ.

"ಹಂಗಂದ್ರ ನೀಹಾರಿಕಿ ಆಗೋದಕ್ಕಿಂತ ಮೊದಲೇ..."

"ಹೌದು. ಕೆಂಪಗೆ ಉಬ್ಬಿಕೊಂಡಿದ್ದಾಗಿಂದ್ಲೇ ನಿಧಾನಕ್ಕೆ ಅನಿಲ ಬಿಡ್ತಾ ಬಂದಿದೆ. ಡಿಕ್ಕಿ ಆಗ್ಲೇ ಶುರು, ಬಾಲ ಆಗ್ಲೇ ಎಳೀತಿತ್ತು. ನೀಹಾರಿಕೆ ಬಂದಿದ್ದು ಎಷ್ಟೋ ಆಮೇಲೆ. ನಾವು ಎಲ್ಲಾನೂ ಅದರ ತಲೆಗೆ ಕಟ್ತಿದ್ವಿ."

ಅವನು ಹಳಿಗಳ ಕಡೆ ತಿರುಗಿದ.

"ನಾ ಅದನ್ನ ಎಷ್ಟು ಸಲ ನೋಡೀನಿ," ಎಂದ. "ನನಗ ಹೊಳೀಲಿಲ್ಲ. ನನಗ ಹೊಟ್ಟಿ ಉರಿಲತ್ತದ ನೋಡು. ಖರೇನೇ ಹೇಳ್ತೀನಿ, ಭಾಳ ಉರಿಲತ್ತದ."

ತಮಾಷೆ ಮಾಡುತ್ತಿರಲಿಲ್ಲ. ಮುಖ ಕಪ್ಪಿಟ್ಟಿತ್ತು, ಕನ್ನಡಕದೊಳಗೆ ಕಣ್ಣು ಕೆಂಪಾಗಿತ್ತು. ನನಗೆ ಆದ ಆನಂದವನ್ನು ಹೇಗೆ ಹೇಳಲಿ? ನನ್ನ ಮದುವೆಯ ದಿನವೂ ಅಷ್ಟು ಹಿಗ್ಗಿದವನಲ್ಲ ನಾನು. ಅವನನ್ನು ಬಾಚಿ ತಬ್ಬಿಕೊಂಡೆ.

ರೈಲು ಕೂಗಿತು. ಹತ್ತಿ ಬಾಗಿಲಲ್ಲಿ ನಿಂತವನು ಕೈ ಬೀಸುವುದನ್ನು ಬಿಟ್ಟು ಕೇಳತೊಡಗಿದ. "ಹಂಗಾರ ಉಳದ ನೀಹಾರಿಕಿಗೂ ಹಿಂಗೇ ಇರ್ತದೇನು? ಬಾಲದ ಆ ಕಡಿ ತುದಿ ಎಲ್ಲಿಗಿ ಹೋಗಿ ಕೂಡ್ತದ? ಏ, ಮುಂದೇನು ಮಾಡ್ತಿ?" ರೈಲು ಚಲಿಸುತ್ತಿತ್ತು. ಮುಂದೇನು ಎಂದು ಯಾವತ್ತೂ ಕೇಳದವನು ಕೇಳುತ್ತಲೇ ಇದ್ದ. ನಾನು ಪಕ್ಕದಲ್ಲಿ ಓಡುತ್ತ ಉತ್ತರ ಕೂಗಿದೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತಾಗ ನನ್ನ ಉತ್ತರ ಇನ್ನೂ ಮುಗಿದಿರಲಿಲ್ಲ.

ಬಸ್ಸಿನಲ್ಲಿ ಕಾಶ್ಮೀರಿ ಗೇಟಿನ ತನಕ ಹಲ್ಲು ಕಿರಿಯುತ್ತಲೇ ಬಂದೆ. ಬರ್ಸಾತಿಯ ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿದ ಮೇಲೆ, ಯಾರನ್ನು ಸೋಲಿಸಿ ಬಂದೆನೋ ಅವನಿಗೆ ಅದನ್ನು ಇನ್ನೊಂದು ಸಲ ಹೇಳಬೇಕೆನಿಸಿತು. ಎದುರಿನ ಮಂಚದಲ್ಲಿ ಹಾಸಿಗೆ ಸುತ್ತಿಟ್ಟಿತ್ತು.

ಆಮೇಲೆ ನಾನು ಅವನನ್ನು ನೋಡಲಿಲ್ಲ. ನನಗೆ ಪದವಿ ಬಂತು, ದಿಲ್ಲಿಯಲ್ಲೇ ಕೆಲಸವೂ ಸಿಕ್ಕಿತು. ಅವನು ತನ್ನ ಕಾಲೇಜಿನಲ್ಲೇ ಉಳಿದ, ಮದುವೆಯಾದ, ಏನನ್ನೂ ಬರೆಯಲಿಲ್ಲ. ಒಮ್ಮೆ ನಾನು ಫೋನ್ ಮಾಡಿದಾಗ ಹಿಂದೆ ಹುಡುಗ ಹುಡುಗಿಯರ ಗದ್ದಲವೋ ಗದ್ದಲ. ನನ್ನ ಹಳೆಯ ಚಿತ್ರವನ್ನು ಗೋಡೆಗೆ ಅಂಟಿಸಿ, ಎಲ್ಲರನ್ನೂ ಬಾಗಿಲ ಬಳಿ ನಿಲ್ಲಿಸಿ, ಏನು ಕಾಣುತ್ತದೆ ಹೇಳಿ ಎಂದು ಕೇಳುತ್ತಿದ್ದನಂತೆ. "ಇವ್ರಿಗಿ ಇನ್ನೂ ಕಾಣವಲ್ದು. ತಡಿ, ಆಮ್ಯಾಲ ಮಾಡ್ತೀನಿ," ಎಂದು ಫೋನಿಟ್ಟ. ಇಡುವ ಮೊದಲು ಯಾವುದೋ ಹುಡುಗಿ ಹಿಂದಿನಿಂದ "ಸರ್, ನನಗ ಕಾಣ್ಸಿತು, ಸರ್!" ಎಂದು ಕೂಗುತ್ತಿದ್ದಳು. ಅವನ ಪಕ್ಕದಲ್ಲಿ ನಿಂತಿದ್ದ ಆ ಮಕ್ಕಳ ಮೇಲೆ ನನಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.